ಎದುರುಮನೆಯ ಮೊಳೆಯಲ್ಲಿ ನೇತಾಡುವ ಬೀಗದ ಕೈ

ಒಂಬತ್ತನೆಯ ಅಂತಸ್ತು, ಕೆರೆಯಂಗಳ, ತುಮಕೂರು
ಫೆಬ್ರವರಿ 31, 2219, ಕಿರಿಭಾನುವಾರ

ಪೂಜ್ಯ ಜಲಜಾಕ್ಷಮ್ಮನವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳಾದ ಕೆಂಚಮ್ಮ ಮಾಡುವ ನಮಸ್ಕಾರಗಳು. ಮೇಲಿನ ತಾರೀಖನ್ನು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆಂದು ಕಾಗದವನ್ನು ಮಡಿಸಿಡಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿ ತಿಂಗಳಿಗೆ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಮುತ್ತಜ್ಜಂದಿರು ಸರಿಪಡಿಸಿ, ಅದಕ್ಕೂ ಮೂವತ್ತೊಂದು ದಿನ ಕೊಡಿಸಿದ್ದಾರೆ. ಆ ಹೆಚ್ಚಿನ ದಿನಗಳನ್ನು ಎಲ್ಲಿಂದ ತಂದಿರಿ ಎಂದು ಕೇಳಿದವರಿಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. ಭಾನುವಾರಗಳೂ ಈಗ ವಾರಕ್ಕೆ ಎರಡಿವೆ. ಹಿರಿಭಾನುವಾರ ವಿಶ್ರಾಂತಿಗೆ, ಕಿರಿಭಾನುವಾರ, ಹಿರಿಭಾನುವಾರ ಬಂದುಹೋದ ನೆಂಟರ ಆಯಾಸವನ್ನು ತೀರಿಸಿಕೊಳ್ಳುವುದಕ್ಕೆ.

ನನ್ನ ಮಾತು ನಿಮ್ಮ ಕಿವಿಗೆ ಸೊಟ್ಟಗೆ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ನಿಮ್ಮ ಬಾಯಿಂದಲೇ. ಗುಬ್ಬಿಯಲ್ಲಿದ್ದ ನಿಮ್ಮ ತಂಗಿ ಇಂದಿರಾ ಅವರಿಗೆ ನೀವು ಫೋನಿನಲ್ಲಿ ಕಳಿಸಿದ ನಲವತ್ತೊಂದು ಧ್ವನಿ ಸಂದೇಶಗಳು ನಮ್ಮ ಮನೆತನದ ಭಂಡಾರದಲ್ಲಿ ಹೇಗೋ ಉಳಿದುಕೊಂಡಿವೆ. ಬೇರೆ ಮನೆತನಗಳಲ್ಲಿ ಪೂರ್ವಿಕರ ಕತ್ತಿ, ತಾಮ್ರಪಟ ಮೊದಲಾದವು ಇವೆಯಂತೆ. ನಮ್ಮಲ್ಲಿ ನಿಮ್ಮ ಗಂಟಲಿದೆ. ನಲವತ್ತೊಂದರಲ್ಲಿ ಮೂರು ಸಂದೇಶಗಳು ನುಗ್ಗೇಕಾಯಿಗೆ ಸಂಬಂಧಪಟ್ಟವು. ಉಳಿದ ಮೂವತ್ತೆಂಟೂ ತುಮಕೂರಿನಲ್ಲಿ ನೀವು ಕೊಳ್ಳುತ್ತಿರುವ ಮೂರನೇ ಮಹಡಿಯ ಫ್ಲ್ಯಾಟಿನ ಬಾಗಿಲಿಗೆ ಎಂಥ ಬೀಗ ಹಾಕಿಸಬೇಕೆಂಬ ಒಂದೇ ಪ್ರಶ್ನೆಗೆ ಮೀಸಲು. ಒಂದು ಬೀಗವನ್ನು ಕುರಿತು ಮನುಷ್ಯಮಾತ್ರರು ಇಷ್ಟು ಚಿಂತಿಸಬಲ್ಲರೆಂದು ತಿಳಿದು ನಾನು ಬೆರಗಾದೆ. ಆಮೇಲೆ, ಆ ಚಿಂತೆಯಿಂದಲೇ ನಮ್ಮ ಮನೆ ಉಳಿಯಿತೆಂದು ತಿಳಿದು ಇನ್ನೂ ಬೆರಗಾದೆ. ಆ ಬೆರಗನ್ನು ನಿಮಗೆ ಒಪ್ಪಿಸುವುದಕ್ಕೇ ಈ ಕಾಗದ.

ಇದು ನಿಮ್ಮನ್ನು ಮುಟ್ಟುವುದು ಹಿಂದಂಚೆಯ ಮೂಲಕ. ಇನ್ನೊಂದು ಊರಿಗೆ ಹೋಗುವುದು ಅಂಚೆ, ಹಿಂದಿನ ಕಾಲಕ್ಕೆ ಹೋಗುವುದು ಹಿಂದಂಚೆ, ವ್ಯತ್ಯಾಸ ಅಷ್ಟೇ. ಲಕೋಟೆಯ ಗೋಂದು ಅಂದಿನಂತೆ ಇಂದೂ ಅಂಟುವುದಿಲ್ಲ. ಒಂದು ಕುಟುಂಬಕ್ಕೆ ಒಂದು ಜನ್ಮದಲ್ಲಿ ಒಂದೇ ಕಾಗದಕ್ಕೆ ಅನುಮತಿ. ನಿಯಮವೂ ಒಂದೇ: ಆಗಿದ್ದನ್ನು ಆಗುವ ಮೊದಲೇ ತಿಳಿಸಕೂಡದು, ವಿನಂತಿ ಮಾಡಬಹುದು. ಕಿಟಕಿಯ ಹಿಂದಿದ್ದ ಗುಮಾಸ್ತರು ನನ್ನ ಅರ್ಜಿಯನ್ನು ಓದಿ ಕನ್ನಡಕ ತೆಗೆದರು. "ಅಲ್ರೀ, ಜನ ಇಲ್ಲಿಗೆ ಬಂದು ಯಾವ ಜಾಗ ತಗೋಬೇಕು, ಯಾರನ್ನ ಮದುವೆ ಆಗಬಾರದು ಅಂತೆಲ್ಲ ಬರೆಯೋಕೆ ನೋಡ್ತಾರೆ. ನೀವು ಇರೋದೊಂದು ಕಾಗದದಲ್ಲಿ ಬೀಗದ ವಿಷ್ಯ ಬರೀತೀರಾ?" ಎಂದರು. ಹೌದು ಎಂದೆ. ಅವರು ಮುದ್ರೆ ಒತ್ತಿದರು, ಒತ್ತುವಾಗ ತಲೆಯನ್ನೂ ಅಲ್ಲಾಡಿಸಿದರು.

ನಮ್ಮ ಕಡೆಯ ಸಮಾಚಾರ ಹೇಳುತ್ತೇನೆ. ಮೊದಲು ನಮ್ಮ ಹೆಸರುಗಳ ವಿಚಾರ. ಕೆಂಚಮ್ಮ ಎಂಬುದು ಈಗಿನ ಅತಿ ಹೊಸ ಮಾದರಿಯ ಹೆಸರು. ಇಟ್ಟಾಗ ನೆಂಟರೆಲ್ಲ ಹೊಟ್ಟೆ ಉರಿದುಕೊಂಡರಂತೆ. ನನ್ನ ಗಂಡನ ಹೆಸರು ಚೌಡಪ್ಪ, ಅದೂ ಅಷ್ಟೇ ಹೊಸದು. ಹಳೆಯ ಕಾಲದ ಹೆಸರೆಂದರೆ ನಮ್ಮ ಅಜ್ಜಿಯದು: ಮೈರಾ. ಮೈರಜ್ಜಿಗೆ ಎಪ್ಪತ್ತೊಂಬತ್ತು ವರ್ಷ. ನನ್ನ ತಾಯಿಯ ತಾಯಿ. ನನ್ನನ್ನು ಎತ್ತಿ ಆಡಿಸಿದವರು, ಈಗಲೂ ನನ್ನ ಸಾರಿಗೆ ಉಪ್ಪು ಸಾಲದೆಂದು ಎದುರಿಗೇ ಹೇಳುವ ಅಧಿಕಾರವುಳ್ಳವರು. ಅವರಿಲ್ಲದ ಮನೆಯನ್ನು ನಾನು ಕಂಡೇ ಇಲ್ಲ. ಹೊಸ ಮನೆ ಕೊಳ್ಳುವಾಗ ಅಂಥದೊಂದನ್ನು ಕಾಣಬೇಕಾಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಿಮ್ಮ ಕಾಲದಲ್ಲಿ ಜನ ಮನೆ ನೋಡಲು ಹೋಗುತ್ತಿದ್ದರಂತೆ. ಈಗ ಮನೆಯೇ ನಮ್ಮನ್ನು ನೋಡಲು ಬರುತ್ತದೆ. ಮಾರುವವರು ಮೊದಲು ಒಂದು ನಮೂನೆ ಗೋಡೆಯನ್ನು ಕಳಿಸುತ್ತಾರೆ. ಅದು ನಮ್ಮ ನಡುಮನೆಯಲ್ಲಿ ಎಂಟು ದಿನ ನಿಂತು, ನಾವು ಎಷ್ಟು ಜೋರಾಗಿ ಮಾತಾಡುತ್ತೇವೆ, ಒಗ್ಗರಣೆಯನ್ನು ಎಷ್ಟು ದೂರ ಸಿಡಿಸುತ್ತೇವೆ, ಕಂಡಕಂಡಲ್ಲಿ ಮೊಳೆ ಹೊಡೆಯುವ ಚಟವಿದೆಯೇ, ಎಲ್ಲವನ್ನೂ ಗಮನಿಸಿ ವರದಿ ಒಪ್ಪಿಸುತ್ತದೆ. ಮೊಳೆಯೆಂದರೆ ಈಗಿನ ಗೋಡೆಗಳಿಗೆ ಆಗದು. ನಮ್ಮ ಮನೆಗೆ ಗೋಡೆ ಬಂದ ದಿನ ಮೈರಜ್ಜಿ ಅದರ ಮುಂದೆ ಒಂದು ತಟ್ಟೆ ಉಪ್ಪಿಟ್ಟು ತಂದಿಟ್ಟರು. "ಹೆಣ್ಣು ನೋಡೋಕೆ ಬಂದೋರಿಗೆ ಕೊಡ್ತಿರಲಿಲ್ವೇ? ಪಾಪ, ಗೋಡೆ ಏನ್ ಮಾಡ್ತು?" ಎಂದರು. ಗೋಡೆ ತಿನ್ನಲಿಲ್ಲ. ಆದರೆ ವರದಿಯಲ್ಲಿ 'ಸತ್ಕಾರ ಉತ್ತಮ' ಎಂದು ಬರೆದಿತ್ತು. ಹೀಗೆ ಅಜ್ಜಿಯ ಉಪ್ಪಿಟ್ಟಿನ ಪುಣ್ಯದಿಂದಲೇ ಕೆರೆಯಂಗಳದ ಈ ಮನೆ ನಮಗೆ ಒಲಿಯಿತು. ಒಂಬತ್ತನೆಯ ಅಂತಸ್ತೆಂದರೆ ಎತ್ತರವೆಂದುಕೊಳ್ಳಬೇಡಿ, ಕೆರೆಯ ನೀರು ಎಂಟನೆಯ ಅಂತಸ್ತಿನಲ್ಲಿದೆ. ಬೆಳಿಗ್ಗೆ ಕಿಟಕಿ ತೆರೆದರೆ ಕೊಕ್ಕರೆಗಳು ನಮ್ಮನ್ನು ಸಮಾನ ಎತ್ತರದಿಂದ ನೋಡುತ್ತವೆ. ನೆಲ ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆ. ಮುದ್ದೆಯನ್ನು ಮಾತ್ರ ಇಂದಿಗೂ ಕೋಲು ಹಿಡಿದು ಕೈಯಲ್ಲೇ ತೊಳಸಬೇಕು. ಇನ್ನೂರು ವರ್ಷದಿಂದ ಯಂತ್ರಗಳು ಪ್ರಯತ್ನಿಸಿ ಸೋತಿವೆ.

ಇನ್ನು ಬಾಗಿಲು. ನಿಮ್ಮ ಸಂದೇಶದಲ್ಲಿ ಬರುವ ಬೀಗದ ಅಂಗಡಿಯವನು ತೋರಿಸಿದ ಕೀ ಇಲ್ಲದ ಬೀಗದ ಸಂತಾನ ಬೆಳೆದು ಬೆಳೆದು, ಈಗ ಬಾಗಿಲಲ್ಲಿ ಬೀಗವೆಂಬುದೇ ಇಲ್ಲ. ಇರುವುದು ಅರಿಬಾಗಿಲು, ಅಂದರೆ ಅರಿಯುವ ಬಾಗಿಲು. ಅದಕ್ಕೆ ಬೆರಳು ಬೇಡ, ಅಂಕಿ ಬೇಡ, ಮುಖವೂ ಬೇಡ. ನೀವು ಹೇಗೆ ಬರುತ್ತೀರಿ ಎಂಬುದನ್ನಷ್ಟೇ ಅದು ನೋಡುತ್ತದೆ. ಮನೆಯವರು ಮನೆಗೆ ಬರುವ ರೀತಿಯೇ ಬೇರೆ, ಪರರು ಬರುವ ರೀತಿಯೇ ಬೇರೆ ಎಂಬುದು ಅದರ ಶಾಸ್ತ್ರ. ಮನೆಯವರು ಕೇಳಿಕೊಂಡು ಬರುವುದಿಲ್ಲ, ಕೇಳಿಕೊಂಡು ಬರುವವರು ಮನೆಯವರಲ್ಲ. ಗೃಹಪ್ರವೇಶದಿಂದ ಇಪ್ಪತ್ತೊಂದು ದಿನ ಪರಿಚಯಗಾಲ. ಅಷ್ಟರಲ್ಲಿ ಬಾಗಿಲು ಮನೆಯ ಪ್ರತಿಯೊಬ್ಬರನ್ನೂ ಒಪ್ಪಿಕೊಳ್ಳಬೇಕು. ಇಪ್ಪತ್ತೊಂದನೆಯ ದಿನ ಸಂಜೆ ಆರರೊಳಗೆ ಒಪ್ಪದಿದ್ದವರನ್ನು ನಿತ್ಯಾತಿಥಿ ಎಂದು ದಾಖಲಿಸುತ್ತದೆ. ನಿತ್ಯಾತಿಥಿ ಬಂದಾಗಲೆಲ್ಲ ಒಳಗಿನವರು ಯಾರಾದರೂ ಎದ್ದುಬಂದು ಕರೆದುಕೊಳ್ಳಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅವರು ಹೊರಗೇ. ದಾಖಲಾದ ಮೇಲೆ ತಿದ್ದುಪಡಿಯಿಲ್ಲ. ಬಾಗಿಲಿಗೆ ಬುದ್ಧಿ ಕೊಟ್ಟವರು ಅದರ ಜೊತೆಗೆ ಹಟವನ್ನೂ ಕೊಟ್ಟಿದ್ದಾರೆ.

ನನ್ನನ್ನು ಅದು ಎರಡನೆಯ ದಿನ ಒಪ್ಪಿತು. ಚೌಡಪ್ಪನನ್ನು ನಾಲ್ಕನೆಯ ದಿನ ಒಪ್ಪಿ, ನೆಗಡಿ ಬಂದಾಗ ಒಮ್ಮೆ ಹಿಂತೆಗೆದುಕೊಂಡು, ಕಷಾಯ ಕುಡಿದ ಮೇಲೆ ಮತ್ತೆ ಒಪ್ಪಿತು. ಮೈರಜ್ಜಿ ಮೊದಲ ದಿನ ಹೊಸ್ತಿಲ ಮುಂದೆ ನಿಂತಾಗ ಬಾಗಿಲು, ಅದರ ಕಟ್ಟಳೆಯಂತೆ, "ತಮ್ಮ ಶುಭನಾಮ?" ಎಂದು ಕೇಳಿತು. ಎಲ್ಲರನ್ನೂ ಒಂದು ಸಲ ಕೇಳುತ್ತದೆ. ಅಜ್ಜಿಯ ಮುಖ ಕೆಂಪಗಾಯಿತು.

"ನನ್ನ ಮನೆ ಬಾಗ್ಲು ನನ್ನ ಹೆಸ್ರು ಕೇಳುತ್ತಾ? ಹಂಗಾದ್ರೆ ಇದು ನನ್ನ ಮನೆ ಅಲ್ಲ ಬಿಡು. ಬೇರೆಯೋರ ಮನೆ. ಬೇರೆಯೋರ ಮನೆಗೆ ಹೆಂಗೆ ಹೋಗ್ಬೇಕು ಅಂತ ನಮ್ಮವ್ವ ನನಗೆ ಕಲಿಸಿದ್ದಾಳೆ."

ಅಂದಿನಿಂದ ಅಜ್ಜಿ ಕಲಿತದ್ದನ್ನು ತಪ್ಪದೆ ಪಾಲಿಸಿದರು. ಪ್ರತಿ ಸಲವೂ ಬಾಗಿಲಿಂದ ಒಂದು ಮಾರು ದೂರದಲ್ಲಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಕೆಮ್ಮಿ, "ಯಾರಿದ್ದೀರವ್ವಾ ಒಳಗೆ? ಬರಬಹುದಾ?" ಎಂದು ಕೂಗುವರು. ಬಾಗಿಲು ಪರಮ ಗೌರವದಿಂದ, "ಅತಿಥಿಗಳೊಬ್ಬರು ಬಂದಿದ್ದಾರೆ" ಎಂದು ನಮಗೆ ತಿಳಿಸುವುದು. ನಂತರ ಅಜ್ಜಿಯತ್ತ ತಿರುಗಿ, "ಎಷ್ಟು ಹೊತ್ತು ಇರುವಿರಿ?" ಎನ್ನುವುದು.

"ಸಾಯೋವರ್ಗೂ."

"ದಯವಿಟ್ಟು ಗಂಟೆಗಳಲ್ಲಿ ತಿಳಿಸಿ."

ದಿನಕ್ಕೆ ನಾಲ್ಕು ಸಲ ಇದೇ ಸಂವಾದ. ಚೌಡಪ್ಪ ಕೈಮುಗಿದು ಕೇಳಿಕೊಂಡ. "ಅಜ್ಜಿ, ಕೇಳ್ಬೇಡಿ, ಸುಮ್ನೆ ನುಗ್ಗಿ" ಎಂದ. "ನುಗ್ಗೋಕೆ ನಾನೇನ್ ಕೊಟ್ಟಿಗೆ ಹಸುವೇನೋ?" ಎಂದು ಉತ್ತರ ಬಂತು. ನಾನು ಅತ್ತೆ. ನನ್ನ ಅಳುವಿಗೆ ಕರಗುವ ಅಜ್ಜಿ ಈ ಸಲ ಕರಗಲಿಲ್ಲ. ನನ್ನ ಕಣ್ಣು ಒರೆಸಿದರು, ಹಟವನ್ನು ಬಿಡಲಿಲ್ಲ. ಬಾಗಿಲೊಂದು ಕಡೆ, ಅಜ್ಜಿಯೊಂದು ಕಡೆ. ಇಬ್ಬರದೂ ಒಂದೇ ಜಾತಕ. ಹದಿನೆಂಟನೆಯ ದಿನ ಊಟಕ್ಕೆ ಕೂತಾಗ ಅಜ್ಜಿ ತಣ್ಣಗೆ ಹೇಳಿದರು: "ನಾನು ನೆಂಟಳೇ ಅಂತಾದ್ರೆ, ಶಿರಾದಲ್ಲಿ ತಂಗಿ ಮನೆಗೆ ನೆಂಟಳಾಗಿ ಹೋಗ್ತೀನಿ. ಅಲ್ಲಿ ಬಾಗ್ಲಾದ್ರೂ ಬಾಯ್ ಮುಚ್ಕೊಂಡಿರುತ್ತೆ." ತಮಾಷೆಯೆಂದು ಚೌಡಪ್ಪ ನಕ್ಕ. ನಾನು ನಗಲಿಲ್ಲ. ಅಜ್ಜಿ ಸಾರಿಗೆ ಉಪ್ಪು ಸಾಲದೆಂದು ಅವತ್ತು ಹೇಳಿರಲಿಲ್ಲ. ನೆಂಟರು ಹಾಗೆಲ್ಲ ಹೇಳುವುದಿಲ್ಲವಷ್ಟೇ.

ಹತ್ತೊಂಬತ್ತನೆಯ ದಿನ ಅಜ್ಜಿ ಶಿರಾಕ್ಕೆಂದು ಚೀಲ ತುಂಬಲು ಹಳೆಯ ಪೆಟ್ಟಿಗೆಯಿಂದ ಶಾಲು ತೆಗೆಸಿದರು. ಶಾಲಿನ ಮಡಿಕೆಯಿಂದ ಏನೋ ಟಣ್ ಎಂದು ನೆಲಕ್ಕೆ ಬಿತ್ತು. ನೆಲ ಅದನ್ನು ಕಸವೆಂದು ಗುಡಿಸಿಕೊಳ್ಳುವಷ್ಟರಲ್ಲಿ ನಾನು ಎತ್ತಿಕೊಂಡೆ. ಕಿರುಬೆರಳಿನಷ್ಟು ಉದ್ದದ ಲೋಹದ ತುಂಡು. ಒಂದು ತುದಿ ಎಲೆಯಂತೆ ಅಗಲ, ಅದರಲ್ಲೊಂದು ತೂತು; ಇನ್ನೊಂದು ತುದಿಗೆ ಏರಿಳಿತದ ಹಲ್ಲು. ಚೌಡಪ್ಪ ತಿರುಗಿಸಿ ತಿರುಗಿಸಿ ನೋಡಿ, ಪೂರ್ವಿಕರು ಮೀಸೆ ಬಾಚುತ್ತಿದ್ದ ಬಾಚಣಿಗೆ ಎಂದು ತೀರ್ಮಾನಿಸಿ, ತನ್ನ ಮೀಸೆಯ ಮೇಲೆ ಪ್ರಯೋಗವನ್ನೂ ಮಾಡಿದ. ಅಜ್ಜಿ ಕಿತ್ತುಕೊಂಡರು.

"ಬೀಗದ ಕೈ ಕಣೋ ಇದು! ನಮ್ಮಜ್ಜಿ ಹೇಳ್ತಿದ್ಲು."

ತೂತಿಗೆ ಕಟ್ಟಿದ ದಾರದಲ್ಲಿ ದಪ್ಪ ಕಾಗದದ ಚೀಟಿಯೊಂದಿತ್ತು. ಮೇಲೆ ಯಾರೋ ಅಂಟುಪಟ್ಟಿ ಸುತ್ತಿ ಕಾಪಾಡಿದ್ದರು. ಅದರಲ್ಲಿ ನೀಲಿ ಶಾಯಿಯಲ್ಲಿ ಬರೆದಿತ್ತು: 'ಎದುರುಮನೆ ಜಲಜಾಕ್ಷಿ'.

ಅಮ್ಮಾ, ನಾವು ಮೂವರೂ ಆ ಎರಡು ಪದಗಳನ್ನು ಎಷ್ಟು ಹೊತ್ತು ನೋಡಿದೆವೋ ತಿಳಿಯದು. ತಮ್ಮ ಮನೆಯನ್ನು ಎದುರುಮನೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಅಂದರೆ ಈ ಚೀಟಿ ಬರೆದವರು ನೀವಲ್ಲ, ನಿಮ್ಮ ಬಾಗಿಲಿಗೆ ಎದುರು ಬಾಗಿಲಿನವರು. ಈ ಬೀಗದ ಕೈ ಇದ್ದದ್ದು ಅವರ ಬಳಿ, ನಮ್ಮ ಪೆಟ್ಟಿಗೆಗೆ ಮರಳಿದ್ದು ಆಮೇಲೆ ಯಾವಾಗಲೋ! ನಿಮಗೆ ಇದು ದಿನನಿತ್ಯದ ಸಂಗತಿ ಇರಬಹುದು. ನಮ್ಮ ಕಡೆಯಿಂದ ನೋಡಿ. ನಿಮ್ಮ ಇಡೀ ಮನೆ, ಬೀರುವಿನ ಸೀರೆ, ಡಬ್ಬಿಯ ಸಕ್ಕರೆ, ದೇವರ ಗೂಡು, ಅರ್ಧ ಓದಿ ಮಗುಚಿಟ್ಟ ಪತ್ರಿಕೆ, ತೊಳೆಯದೆ ಬಿಟ್ಟುಬಂದ ಪಾತ್ರೆಯ ಮರ್ಯಾದೆ, ಎಲ್ಲವನ್ನೂ ಏಳು ಹಲ್ಲಿನ ಈ ತುಂಡಿನೊಳಗೆ ತುಂಬಿ, ರಕ್ತಸಂಬಂಧವಿಲ್ಲದ ಒಬ್ಬರ ಅಂಗೈಯಲ್ಲಿಟ್ಟು, "ಬರ್ತೀನಿ ಕಣ್ರೀ" ಎಂದು ಬಸ್ಸು ಹತ್ತುತ್ತಿದ್ದಿರಿ. ಆ ಇನ್ನೊಬ್ಬರು ಅದನ್ನು ಮೊಳೆಗೆ ನೇತುಹಾಕಿ ಒಗ್ಗರಣೆಗೆ ಕರಿಬೇವು ಹುಡುಕಲು ಹೋಗುತ್ತಿದ್ದರು! ನಾವು ಚಂದ್ರನ ಮೇಲೆ ಮೆಂತ್ಯ ಬೆಳೆದಿದ್ದೇವೆ. ಆದರೆ ಈ ಅಂತಸ್ತಿನಲ್ಲಿ ಎದುರು ಬಾಗಿಲಿನವರ ಹೆಸರು, ಹತ್ತೊಂಬತ್ತು ದಿನವಾಗಿದ್ದರೂ, ನಮಗೆ ಗೊತ್ತಿರಲಿಲ್ಲ. ಗೊತ್ತಾಗುವ ಪ್ರಮೇಯವೇ ಬಂದಿರಲಿಲ್ಲ. ಪಾರ್ಸೆಲು ಬಂದರೆ ಬಾಗಿಲೇ ತೆಗೆದುಕೊಳ್ಳುತ್ತದೆ, ಹಾಲು ಬಂದರೆ ಬಾಗಿಲೇ ಕಾಯಿಸಿಡುತ್ತದೆ.

ಅಂದು ಮಧ್ಯಾಹ್ನ ನಿಮ್ಮ ಧ್ವನಿಯನ್ನು ಅಜ್ಜಿಗೆ ಕೇಳಿಸಿದೆ. ಹಿಂದೆ ಎಷ್ಟು ಸಲ ಕರೆದರೂ "ಯಾವ ಕಾಲದ್ದೋ ಬೀಗದ ಪುರಾಣ" ಎಂದು ಏಳುತ್ತಿದ್ದವರು, ಅವತ್ತು ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು ಕುಳಿತರು. ಮೂವತ್ತೆಂಟನೆಯ ಸಂದೇಶದಲ್ಲಿ ನೀವು ಬೀಗದ ಅಂಗಡಿಯಿಂದ ಆಗತಾನೆ ಹೊರಬಿದ್ದಿದ್ದಿರಿ, ಹಿಂದೆ ಆಟೋಗಳ ಸದ್ದು.

"ಕೇಳು ಇಂದ್ರಾ, ಅವನು ಹೇಳ್ತಾನೆ, ಮೇಡಂ ಇದು ಕೀ ಇಲ್ಲದ ಬೀಗ, ಬೆರಳಿಟ್ರೆ ಸಾಕು ಅಂತ. ನಮ್ಮನೆಯವರ ಬೆರಳನ್ನ ರೇಷನ್ ಅಂಗಡಿ ಮಿಷನ್ನೇ ತಗೊಳಲ್ಲ, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಗೆರೆಯೆಲ್ಲ ಸವೆದೋಗಿದೆ, ಇನ್ನು ಇದು ತಗೊಳುತ್ತಾ ಅಂದೆ. ಹಂಗಾದ್ರೆ ನಂಬರ್ ಒತ್ತಿ ಅಂದ. ಸರಿನಪ್ಪ, ಈ ಡಬ್ಬದಲ್ಲಿ ಎರಡು ಕೀ ಇದೆಯಲ್ಲ, ಇದ್ಯಾಕೆ ಅಂದೆ. ಎಮರ್ಜೆನ್ಸಿಗೆ ಅಂತೆ! ಕೀ ಇಲ್ಲದ ಬೀಗಕ್ಕೆ ಎರಡೆರಡು ಕೀ! ಎಲ್ಲಿಡ್ಲಿ ಇದನ್ನ ಅಂದ್ರೆ, ಮನೆ ಒಳಗೆ ಬೀರುನಲ್ಲಿ ಭದ್ರವಾಗಿಡಿ ಅಂದ. ಬೀರು ಒಳಗೆ, ನಾನು ಹೊರಗೆ, ಹೆಂಗಪ್ಪಾ ತೆಗೀಲಿ ಅಂದ್ರೆ ತಲೆ ಕೆರ್ಕೊಂಡ."

ಮೈರಜ್ಜಿ ಬಿದ್ದು ಬಿದ್ದು ನಕ್ಕರು. ಇನ್ನೂರು ವರ್ಷದಾಚೆಯ ಹಾಸ್ಯಕ್ಕೆ ನಮ್ಮ ಮನೆಯ ಗೋಡೆಗಳೂ ಒಂದಿಷ್ಟು ಅದುರಿದವು. ನಲವತ್ತನೆಯದರಲ್ಲಿ, ಹೊಸ ಫ್ಲ್ಯಾಟಿನ ಟೈಲ್ಸ್ ಕೆಲಸ ನೋಡಲು ಹೋದಾಗ ಎದುರು ಬಾಗಿಲಿನ ಮೆಹರುನ್ನೀಸಾ ಎಂಬವರು ಕರೆದು ನೀರು ಕೊಟ್ಟರೆಂದೂ, ನೀರಿನ ಜೊತೆ ಬೆಲ್ಲವನ್ನೂ ಇಟ್ಟರೆಂದೂ ಹೇಳಿದಿರಿ. ಆಮೇಲೆ ಕೊನೆಯದು, ನಲವತ್ತೊಂದನೆಯದು. ಅದರಲ್ಲಿ ನಿಮ್ಮ ದನಿ ಸಣ್ಣಗಾಗಿತ್ತು.

"ಯೋಚನೆ ಮಾಡ್ದೆ ಕಣೇ. ಈ ಬಾಡಿಗೆ ಮನೇಲಿ ಕೀ ಯಾವಾಗ್ಲೂ ಪಕ್ಕದ್ಮನೇಲಿ ಕೊಟ್ಟು ಹೋಗ್ತೀನಲ್ಲ. ತಗೊಳೋಕೆ ಹೋದ್ರೆ ಕೂತ್ಕೊಳಿ ಅಂತಾರೆ, ಕಾಫಿ ಕೊಡ್ತಾರೆ, ಅವರ ಮಗಳ ವಿಷ್ಯ, ನನ್ನ ಮಂಡಿ ನೋವಿನ ವಿಷ್ಯ, ಅರ್ಧ ಗಂಟೆ ಹೋಗೇಬಿಡುತ್ತೆ. ಕೀ ಇಲ್ಲದ ಬೀಗ ಹಾಕ್ಸಿದ್ರೆ ಆ ಅರ್ಧ ಗಂಟೆ ಉಳಿಯುತ್ತೆ." ಇಲ್ಲಿ ಎಲ್ಲೋ ಕುಕ್ಕರು ಕೂಗಿತು. "ಉಳಿಸ್ಕೊಂಡು ಏನ್ ಮಾಡ್ಲೇ?"

ಅಷ್ಟೇ. ಮುಂದೆ ನಿಮ್ಮ ಧ್ವನಿಯಿಲ್ಲ. ಅಜ್ಜಿ ನಗಲಿಲ್ಲ. ಬೀಗದ ಕೈಯ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದರು.

ಮರುದಿನ ಬೆಳಿಗ್ಗೆ, ಇಪ್ಪತ್ತನೆಯ ದಿನ, ಅಜ್ಜಿ ಯಾರಿಗೂ ಹೇಳದೆ ಎದುರು ಬಾಗಿಲಿಗೆ ಹೋಗಿ ನಿಂತು, "ಯಾರಿದ್ದೀರವ್ವಾ ಒಳಗೆ?" ಎಂದು ಕೂಗಿದರು. ಆ ಬಾಗಿಲು ಕೂಡ ಅತಿಥಿಗಳು ಬಂದಿದ್ದಾರೆಂದು ಸಾರಿತು. ಈ ಸಲ ಅದರ ಮಾತು ಸರಿಯಾಗಿತ್ತು. ಹೊರಬಂದವರು ಕಿಯಾರಮ್ಮ. ಅರವತ್ತು ದಾಟಿದ ಹೆಂಗಸು, ಮೋಡಗಳ ಇಲಾಖೆಯಲ್ಲಿ ದಾರಿತಪ್ಪಿದ ಮೋಡಗಳನ್ನು ಹಿಂದಕ್ಕಟ್ಟುವ ಕೆಲಸದಿಂದ ನಿವೃತ್ತರಾದವರು. ಒಬ್ಬರೇ ಇರುತ್ತಾರೆ. ಅಜ್ಜಿ ಬೀಗದ ಕೈ ಚಾಚಿದ್ದನ್ನು ನಾನು ಇಲ್ಲಿಂದಲೇ ನೋಡಿದೆ.

"ಇದು ನಮ್ಮನೆ ಕೀ ಕಣವ್ವ. ನಿನ್ನತ್ರ ಇರ್ಲಿ."

"ಇದರಲ್ಲಿ ಏನ್ ತೆಗೆಯುತ್ತೆ ಅಮ್ಮ?"

"ಏನೂ ತೆಗೆಯಲ್ಲ."

"ಮತ್ತೆ ಇದು ಯಾಕೆ?"

"ನಾನು ಹೊರಗಡೆ ಹೋಗಿ ಬಂದ್ರೆ, ನಿನ್ನತ್ರ ಬಂದು ಇಸ್ಕೋಬೇಕಲ್ಲ, ಅದಕ್ಕೆ."

ಕಿಯಾರಮ್ಮ ಆ ತುಂಡನ್ನು ಎರಡೂ ಅಂಗೈ ಸೇರಿಸಿ ತೀರ್ಥದಂತೆ ತೆಗೆದುಕೊಂಡರು. ಇಡುವುದೆಲ್ಲಿ? ನೇತುಹಾಕಲು ಮೊಳೆ ಬೇಕು, ಮೊಳೆಗೆ ಗೋಡೆಯ ಒಪ್ಪಿಗೆ ಬೇಕು. ಕಿಯಾರಮ್ಮ ತಮ್ಮ ಗೋಡೆಯನ್ನು ಕೇಳಿದರು. ಗೋಡೆ ಒಂದು ಗಂಟೆ ಆಲೋಚಿಸಿ, ಕಾರಣ ತಿಳಿದುಕೊಂಡು, ಒಂದೇ ಒಂದಕ್ಕೆ ಒಪ್ಪಿತು. ಮಧ್ಯಾಹ್ನದ ಹೊತ್ತಿಗೆ ಠಕ್, ಠಕ್ ಎಂಬ ಸದ್ದು ಕೇಳಿತು. ಈ ಅಂತಸ್ತಿನ ಇತಿಹಾಸದಲ್ಲಿ ಅದು ಮೊದಲ ಮೊಳೆ. ಅಕ್ಕಪಕ್ಕದ ಬಾಗಿಲುಗಳಿಂದ ಜನ ತಲೆ ಹೊರಹಾಕಿ ನೋಡಿದರು. ಕೆಲವರು ಒಬ್ಬರಿಗೊಬ್ಬರು ನಮಸ್ಕಾರವನ್ನೂ ಮಾಡಿಕೊಂಡರು.

ಇಪ್ಪತ್ತೊಂದನೆಯ ದಿನ ಬಂತು. ಅಜ್ಜಿಯ ಚೀಲ ಹೊಸ್ತಿಲ ಪಕ್ಕದಲ್ಲೇ ಸಿದ್ಧವಾಗಿತ್ತು. ಆರು ಗಂಟೆಯವರೆಗೆ ಕಾದು, ಬಾಗಿಲು ಬರೆದುಕೊಳ್ಳುವುದನ್ನು ಬರೆದುಕೊಂಡ ಮೇಲೆ ಏಳರ ಗಾಡಿಗೆ ಶಿರಾ ಎಂದು ಮೊದಲೇ ಹೇಳಿಬಿಟ್ಟಿದ್ದರು. ತಂಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಾಲ್ಕು ಗಂಟೆಗೆ ಅವರೆಕಾಯಿ ತರಲು ಪೇಟೆಗೆ ಹೊರಟರು. ಐದು ಗಂಟೆಗೆ ತುಂಬಿದ ಚೀಲ ಹೊತ್ತು ಬಂದವರು ನಮ್ಮ ಬಾಗಿಲ ಕಡೆ ತಿರುಗಿಯೂ ನೋಡದೆ ನೇರ ಎದುರುಮನೆಗೆ ಹೋದರು, ಕೀ ಇಸಿದುಕೊಳ್ಳಲು. ನಾನೂ ಚೌಡಪ್ಪನೂ ಒಳಗೆ ಗೋಡೆಯ ಮೇಲೆ ಮೂಡುವ ಹೊರಗಿನ ನೋಟವನ್ನೇ ನೋಡುತ್ತ ಕೂತಿದ್ದೆವು. ಐದೂಕಾಲು. ಎದುರುಮನೆಯಿಂದ ಮಾತು, ಲೋಟದ ಸದ್ದು. ಐದೂವರೆ. ನಗು. ಐದೂ ಮುಕ್ಕಾಲು. ಯಾರೋ ಮೂಗು ಸೀಟಿದ ಸದ್ದು. ಕಿಯಾರಮ್ಮನವರ ಗಂಡ ತೀರಿಹೋದ ಕಥೆ ಅಲ್ಲಿಗೆ ಬಂದಿತ್ತೆಂದು ಆಮೇಲೆ ತಿಳಿಯಿತು. ಚೌಡಪ್ಪ ಎದ್ದು ಹೋಗಿ ಕರೆಯುತ್ತೇನೆಂದ. ಕರೆದರೆ ಅತಿಥಿಯೆಂದೇ ಲೆಕ್ಕವಾಗುತ್ತದೆಂದು ನಾನು ಅವನ ಅಂಗಿ ಹಿಡಿದೆಳೆದೆ.

ಆರಕ್ಕೆ ನಾಲ್ಕು ನಿಮಿಷವಿದ್ದಾಗ ಅಜ್ಜಿ ಹೊರಬಂದರು. ಒಂದು ಕಂಕುಳಲ್ಲಿ ಅವರೆಕಾಯಿ ಚೀಲ, ಒಂದು ಕೈಯಲ್ಲಿ ಬೀಗದ ಕೈ, ಮುಖ ಇನ್ನೂ ಎದುರುಮನೆಯ ಕಡೆಗೇ. "ಸೊಗಡವರೆ ಕಣವ್ವ, ಮೂಸಿ ನೋಡು! ನಾಳೆ ಹಿತಕಿ ಒಂದು ಬಟ್ಲು ಕಳಿಸ್ತೀನಿ, ನೀನು ಸಾರಿಗೆ ಏನೂ ಮಾಡ್ಕೋಬೇಡ" ಎನ್ನುತ್ತ, ಮಾತನ್ನು ಹಿಂದಕ್ಕೆ ಎಸೆಯುತ್ತ, ಹೆಜ್ಜೆಯನ್ನು ಮುಂದಕ್ಕೆ ಹಾಕುತ್ತ, ಬಾಗಿಲಿಗೆ ಸೊಂಟ ಕೊಟ್ಟು ತಳ್ಳಿದರು. ಕೆಮ್ಮಲಿಲ್ಲ. ಕೂಗಲಿಲ್ಲ. ಚಪ್ಪಲಿ ಬಿಟ್ಟದ್ದು ಒಳಗೆ ಬಂದ ಮೇಲೆ.

ಬಾಗಿಲು ತೆರೆಯಿತು. ಶುಭನಾಮವಿಲ್ಲ, ಗಂಟೆಗಳ ವಿಚಾರಣೆಯಿಲ್ಲ, ಒಂದು ಸಣ್ಣ ಕಿರುಗುಟ್ಟುವಿಕೆಯೂ ಇಲ್ಲ. ಮಳೆಗಾಲದ ಮೊದಲ ಗಾಳಿಗೆ ಪರದೆ ಸರಿಯುವಂತೆ ಸರಿಯಿತು. ಅಮ್ಮಾ, ನಾನು ಕೆರೆಯನ್ನು ಎಂಟನೆಯ ಅಂತಸ್ತಿಗೆ ಏರಿಸಿದ ದಿನವನ್ನು ಕಂಡಿದ್ದೇನೆ. ಇದರಷ್ಟು ಬೆರಗು ಅಂದು ಆಗಲಿಲ್ಲ.

"ಯಾಕ್ರೋ ಹಂಗ್ ನೋಡ್ತಿದ್ದೀರ? ಅವರೆಕಾಯಿ ಕಂಡಿಲ್ವಾ?" ಎಂದರು ಅಜ್ಜಿ. ನಾವಿಬ್ಬರೂ ಬಾಗಿಲ ಕಡೆ ಬೆರಳು ತೋರಿಸಿದೆವು. ಅಜ್ಜಿ ಹಿಂದಿರುಗಿ ನೋಡಿದರು. ತಮ್ಮ ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿದರು. ಮತ್ತೆ ಬಾಗಿಲನ್ನು ನೋಡಿ, "ಸದ್ಯ, ಬುದ್ಧಿ ಬಂತು ಇದಕ್ಕೆ" ಎಂದು ಒಳಗೆ ನಡೆದರು. ನಾನು ಬಾಗಿಲನ್ನು ಕೇಳಿದೆ, ಇಷ್ಟು ದಿನ ಒಪ್ಪದವರನ್ನು ಈಗ ಹೇಗೆ ಒಪ್ಪಿದೆ ಎಂದು. ಅದು ಎರಡೇ ಪದಗಳಲ್ಲಿ ಉತ್ತರಿಸಿತು: "ಅವರು ಕೇಳಲಿಲ್ಲ." ಬೀಗದ ಕೈ ಏನನ್ನೂ ತೆರೆದಿರಲಿಲ್ಲ. ಆದರೆ ಅದನ್ನು ಎದುರುಮನೆಯಿಂದ ಇಸಿದುಕೊಂಡು ಬಂದವರು ಬೇರೆ ಯಾರ ಮನೆಗೆ ಹೋಗುತ್ತಿದ್ದೇನೆಂದು ತಾನೇ ಅಂದುಕೊಂಡಾರು? ಆ ರಾತ್ರಿ ಅಜ್ಜಿ ಸಾರನ್ನು ಬಾಯಿಗಿಟ್ಟು ಮುಖ ಕಿವುಚಿ, "ಉಪ್ಪೇ ಇಲ್ವಲ್ಲೇ" ಎಂದರು. ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ಇದಾಗಿ ಹತ್ತು ದಿನ. ಶಿರಾದ ಚೀಲ ಬಿಚ್ಚಿಯಾಗಿದೆ. ಬೀಗದ ಕೈ ಎದುರುಮನೆಯ ಮೊಳೆಗೆ ವಾಪಸು ಹೋಗಿದೆ. ಮರುದಿನವೇ ಕಿಯಾರಮ್ಮ ನಮ್ಮ ಬಾಗಿಲಿಗೆ ಬಂದು ಸಂಕೋಚದಿಂದ ನಿಂತರು. "ನಮ್ಮನೇಲಿ ಕೀ ಅಂತ ಏನೂ ಇಲ್ಲ ಅಮ್ಮ. ಇದಾದ್ರೂ ನಿಮ್ಮತ್ರ ಇರ್ಲಿ" ಎಂದು ಒಂದು ಸೌಟನ್ನು ಕೊಟ್ಟರು. ನಮ್ಮ ಗೋಡೆಯೂ ಒಂದು ಮೊಳೆಗೆ ಒಪ್ಪಿತು. ಅವರ ಮನೆಯಲ್ಲಿದ್ದದ್ದು ಅದೊಂದೇ ಸೌಟು ಎಂಬುದು ನಮಗೆ ಆಮೇಲೆ ತಿಳಿಯಿತು. ಅವರಿಗೆ ಕೊಡುವಾಗಲೇ ತಿಳಿದಿತ್ತು.

ಈಗ ವಿನಂತಿ. ನೀವು ಯಾವ ಬೀಗ ಕೊಂಡಿರೆಂದು ನಾನು ಹೇಳಕೂಡದು, ಗುಮಾಸ್ತರ ನಿಯಮ. ನನ್ನ ಬಳಿ ಏನಿದೆ, ಅದರ ಚೀಟಿಯಲ್ಲಿ ಏನು ಬರೆದಿದೆ ಎಂದಷ್ಟೇ ಹೇಳಿದ್ದೇನೆ. ಕೀ ಇಲ್ಲದ ಬೀಗವನ್ನು ಖಂಡಿತ ಹಾಕಿಸಿ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮೂರು ಮಹಡಿ ಹತ್ತಿ ಬಂದವರು ಪರ್ಸು ತಡಕಾಡಬೇಕೆಂದು ಯಾವ ಧರ್ಮದಲ್ಲೂ ಬರೆದಿಲ್ಲ. ಆದರೆ ಡಬ್ಬದಲ್ಲಿರುವ ಆ ಎರಡು ಕೀಗಳನ್ನು ಬೀರುವಿನಲ್ಲಿಡಬೇಡಿ. ಒಂದನ್ನು ತೆಗೆದುಕೊಂಡು ಎದುರು ಬಾಗಿಲಿಗೆ ಹೋಗಿ. ಮೆಹರುನ್ನೀಸಾ ಅವರು ಚೀಟಿ ಬರೆಯಲು ಪೆನ್ನು ಹುಡುಕುವಷ್ಟು ಹೊತ್ತು ಕುಳಿತುಕೊಳ್ಳಿ. ಕಾಫಿ ಕೊಟ್ಟರೆ ಬೇಡವೆನ್ನಬೇಡಿ. ಆ ಅರ್ಧ ಗಂಟೆ ಎಲ್ಲಿಗೂ ಹೋಗಿಲ್ಲ ಅಮ್ಮಾ. ನಮಗೆ ಬಂದು ತಲುಪಿದೆ.

ಹೇಳುವುದು ಇನ್ನೂ ಇತ್ತು. ಆದರೆ ಸಾರು ಕುದಿಯುವ ಹೊತ್ತಾಯಿತು, ಕಿಯಾರಮ್ಮ ಸೌಟಿಗೆ ಬಂದಿದ್ದಾರೆ. ಅಜ್ಜಿ ಆಗಲೇ ಮಣೆ ಹಾಕಿದರು.

ನಿಮ್ಮ,
ಕೆಂಚಮ್ಮ
(ಎದುರುಮನೆ ಕಿಯಾರಮ್ಮನವರ ಎದುರುಮನೆ)